ಕೇಳಿದರೆ ಸಾಲದೇ, ಕೂತು ನೋಡಬೇಕೇ?

ಸಾಫ್ಟ್‌ವೇರ್ ಬಳಸಲು ಎಷ್ಟು ಸಲೀಸು ಎಂದು ಅಳೆಯುವುದು ನನ್ನ ಕೆಲಸ. ಹಾಗೆಂದ ಕೂಡಲೇ ಬರುವ ಪ್ರಶ್ನೆ: "ಅದಕ್ಕೆ ಬಳಸುವವರ ಪಕ್ಕ ಗಂಟೆಗಟ್ಟಲೆ ಕೂರೋದು ಯಾಕೆ? ಒಂದು ಫಾರ್ಮ್ ಕಳಿಸಿದ್ರೆ ಅವರೇ ಹೇಳಲ್ವಾ?"

ಹೇಳುತ್ತಾರೆ. "ಚೆನ್ನಾಗಿದೆ ಸಾರ್, ಏನೂ ತೊಂದರೆ ಇಲ್ಲ" ಅಂತಲೇ ಹೇಳುತ್ತಾರೆ. ಹಾಗಂದವರೊಬ್ಬರ ಪಕ್ಕ, ಔಷಧದ ಸಗಟು ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ಕೂತಿದ್ದೆ. ಸ್ಟಾಕಿನ ಸ್ಕ್ರೀನ್ ತೆರೆದು ಬ್ಯಾಚ್ ನಂಬರ್ ನೋಡುತ್ತಾರೆ, ಹಳೇ ಬಿಲ್ಲಿನ ಹಿಂದೆ ಗೀಚಿಕೊಳ್ಳುತ್ತಾರೆ, ಅದನ್ನು ಮುಚ್ಚಿ ಬಿಲ್ಲಿನ ಸ್ಕ್ರೀನಿಗೆ ಬಂದು ಚೀಟಿ ನೋಡಿ ಟೈಪ್ ಮಾಡುತ್ತಾರೆ. ಒಂದೊಂದು ಔಷಧಕ್ಕೂ ಇದೇ ಪಾಡು. ಅವರ ಲೆಕ್ಕದಲ್ಲಿ ಇದು ತೊಂದರೆಯೇ ಅಲ್ಲ, ಕೆಲಸ ಇರುವುದೇ ಹಾಗೆ! ಆ ಚೀಟಿ ಯಾವ ಫಾರ್ಮಿಗೂ ಸಿಗುವುದಿಲ್ಲ.

ಬಳಕೆ ಎಷ್ಟು ಸಲೀಸು ಎಂಬುದರ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 9241-11 ನೋಡಬೇಕೆನ್ನುವುದು ಮೂರನ್ನು: ಕೆಲಸ ಸರಿಯಾಗಿ ಮುಗಿಯಿತೇ, ಎಷ್ಟು ಹೊತ್ತು ಮತ್ತು ಶ್ರಮ ಹಿಡಿಯಿತು, ಬಳಸಿದವರಿಗೆ ಸಮಾಧಾನವಾಯಿತೇ. ಕೊನೆಯದನ್ನು ಕೇಳಿಯೇ ತಿಳಿಯಬೇಕು. ಅದಕ್ಕೆ ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ, ಬಳಸಿದವರು ಎಷ್ಟು ಒಪ್ಪುತ್ತೇವೆಂದು ಗುರುತು ಹಾಕುವ 10 ಹೇಳಿಕೆಗಳ ಪಟ್ಟಿ ಇವತ್ತಿಗೂ ನನಗೆ ಸಾಕು. ಮೊದಲೆರಡಕ್ಕೆ ಕಣ್ಣು, ಗಡಿಯಾರ ಎರಡೂ ಬೇಕು.

ಅಮೆರಿಕದ ಟೆಲಿಫೋನ್ ಕಂಪನಿ ನೈನೆಕ್ಸ್‌ನ ಕಥೆಯನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಆಪರೇಟರುಗಳಿಗೆ ಹೊಸ ಯಂತ್ರ ಕೊಳ್ಳುವ ಯೋಚನೆ ನಡೆದಿತ್ತು. ಸ್ಕ್ರೀನ್ ಬೇಗ ಮೂಡುತ್ತದೆ, ಒತ್ತಬೇಕಾದ ಕೀಲಿಗಳೂ ಕಡಿಮೆ; ಸಮಯ ಉಳಿಯದೆ ಎಲ್ಲಿಗೆ ಹೋದೀತು? ನಿಜವಾದ ಕರೆಗಳಲ್ಲಿ ಪ್ರಯೋಗಿಸಿದರೆ ಸುಮಾರು 4% ನಿಧಾನ. ವೇಯ್ನ್ ಗ್ರೇ, ಬಾನಿ ಜಾನ್, ಮೈಕೆಲ್ ಆಟ್‌ವುಡ್ 1993ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಕಾರಣವಿದೆ. ಒತ್ತುವುದು ತಪ್ಪಿದ ಕೀಲಿಗಳು ಕರೆಯ ಶುರುವಿನವು. ಅವನ್ನು ಆಪರೇಟರು ಹೇಗೂ ಮಾತಿನ ನಡುವೆಯೇ ಒತ್ತಿ ಮುಗಿಸುತ್ತಿದ್ದರು. ಹೊಸದಾಗಿ ಸೇರಿದ ಕೀಲಿ ಬಂದು ಕೂತದ್ದು ಕರೆಯ ಕೊನೆಗೆ. ಅಲ್ಲಿ ಅದನ್ನು ಮುಚ್ಚಿಕೊಳ್ಳಲು ಮಾತೇ ಇಲ್ಲ.

"ಐದು ಜನರನ್ನು ನೋಡಿದ್ರೆ ಸಾಕಂತಲ್ಲ?" ಅಂತಲೂ ಕೇಳುತ್ತಾರೆ. ಈ ಕ್ಷೇತ್ರದ ಹೆಸರಾಂತ ತಜ್ಞ ಯಾಕೋಬ್ ನೀಲ್ಸನ್ ಆ ಮಾತು ಹೇಳಿದ್ದು ದೋಷ ಹುಡುಕುವುದಕ್ಕೆ. ಸರಾಸರಿ ಸಮಯ ಬೇಕಿದ್ದರೆ ಐದು ಜನ ಏತಕ್ಕೂ ಸಾಲರು. ಇನ್ನೊಂದು: ಮನಸ್ಸಿನಲ್ಲಿ ಓಡುವುದನ್ನು ಬಾಯಿಬಿಟ್ಟು ಹೇಳುತ್ತಾ ಕೆಲಸ ಮಾಡಿ ಅಂದ ದಿನ ಗಡಿಯಾರ ನೋಡಬೇಡಿ, ಮಾತು ಕೈಯನ್ನು ತಡೆಯುತ್ತದೆ. ಮ್ಯಾನೇಜರ್ ಬೆನ್ನ ಹಿಂದೆ ನಿಂತಿದ್ದರಂತೂ ಆ ದಿನದ ಅಂಕಿಗಳನ್ನೇ ನಾನು ಪಕ್ಕಕ್ಕಿಡುತ್ತೇನೆ.