ಯಾರ ಬಾಯಿ, ಅಮ್ಮ?

ಕಳೆದ ವಾರ ಇಲ್ಲಿ ಪಿಟ್ಸ್‌ಬರ್ಗ್‌ನ ಮನೆಯಲ್ಲಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮರುದಿನದ ಪ್ರಬಂಧ ಮಂಡನೆಗೆ ಅಭ್ಯಾಸ ಮಾಡುತ್ತಿದ್ದೆ. ಹನ್ನೆರಡು ನಿಮಿಷ ಮಾತು, ಮೂರು ನಿಮಿಷ ಪ್ರಶ್ನೆ. ಏಳು ವರ್ಷದ ಮಗಳು ಹಾಲಿನ ಲೋಟ ಹಿಡಿದುಕೊಂಡು ಬಂದು ಪಕ್ಕ ನಿಂತಳು. ಪರದೆಯ ತುಂಬ ಬಯಾಪ್ಸಿಯ ಒಂದು ಚೂರು, ಗುಲಾಬಿ, ನಡುನಡುವೆ ನೇರಳೆ ಚುಕ್ಕೆ.

"ಅಜ್ಜಿಮನೆ ಪುನರ್ಪುಳಿ ಶರಬತ್ತು ಚೆಲ್ಲಿದ ಹಾಗೆ ಉಂಟು," ಅಂದಳು.

ಅದು ಒಬ್ಬರ ಬಾಯಿಯ ಒಳಗಿನ ಚರ್ಮ ಅಂದೆ.

"ಯಾರ ಬಾಯಿ, ಅಮ್ಮ?"

ಗೊತ್ತಿಲ್ಲ ಪುಟ್ಟಿ, ನಮಗೆ ಹೆಸರು ತೆಗೆದು ಕೊಡ್ತಾರೆ ಅಂದೆ. ಅವಳು ಲೋಟ ಕೆಳಗಿಟ್ಟಳು. "ಹಾಗಾದ್ರೆ ಅವರಿಗೆ ಗುಣ ಆಯ್ತಾ ಅಂತ ನಿಂಗೆ ಹೇಗೆ ಗೊತ್ತಾಗ್ತದೆ?"

ಆಮೇಲೆ ಅಭ್ಯಾಸ ಸಾಗಲಿಲ್ಲ.

ನನ್ನ ಕೆಲಸ ಆ ಬಣ್ಣದ್ದೇ. ಹೆಮಟಾಕ್ಸಿಲಿನ್ ಎನ್ನುವುದು ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ ಬರುವ ಬಣ್ಣ. ಜೀವಕೋಶದ ನ್ಯೂಕ್ಲಿಯಸ್ ಅದನ್ನು ಹಿಡಿದುಕೊಂಡು ನೇರಳೆಯಾಗುತ್ತದೆ. ಉಳಿದದ್ದನ್ನು ಇಯೋಸಿನ್ ಎನ್ನುವ ಇನ್ನೊಂದು ಬಣ್ಣ ಗುಲಾಬಿ ಮಾಡುತ್ತದೆ. ಚೂರು ಎಷ್ಟು ದಪ್ಪ, ಬಣ್ಣದಲ್ಲಿ ಎಷ್ಟು ಹೊತ್ತು ಅದ್ದಿದರು, ಯಾವ ಸ್ಕ್ಯಾನರ್ – ಇದೆಲ್ಲ ಲ್ಯಾಬಿನಿಂದ ಲ್ಯಾಬಿಗೆ ಬೇರೆ. ಹಾಗಾಗಿ ಒಂದು ಆಸ್ಪತ್ರೆಯ ಚಿತ್ರಗಳನ್ನು ನೋಡಿ ಕಲಿತ ಕಂಪ್ಯೂಟರ್ ಇನ್ನೊಂದು ಆಸ್ಪತ್ರೆಯ ಚಿತ್ರದ ಮುಂದೆ ತಡವರಿಸುತ್ತದೆ. ಕಂಪ್ಯೂಟರಿಗೆ ಕಲಿಸಲು ಈ ಕ್ಷೇತ್ರದಲ್ಲಿ ಎಲ್ಲರೂ ಬಳಸಿದ, ಕ್ಯಾಮೆಲಿಯಾನ್ 2016 ಎನ್ನುವ ಚಿತ್ರಸಂಗ್ರಹದಲ್ಲಿದ್ದದ್ದು ಸುಮಾರು 400 ಸ್ಲೈಡು, ನೆದರ್‌ಲ್ಯಾಂಡ್ಸ್‌ನ ಎರಡು ಆಸ್ಪತ್ರೆಗಳವು. ನಮ್ಮ ಕರಾವಳಿಯ ಗುಲಾಬಿ ಅದರಲ್ಲಿ ಎಲ್ಲಿಂದ ಬರಬೇಕು?

ಈ ಚಿತ್ರಗಳ ಗಾತ್ರವೂ ಸಣ್ಣದಲ್ಲ. ಸಿ.ಟಿ. ಸ್ಕ್ಯಾನಿನ ಒಂದು ಪದರ ಸಾಮಾನ್ಯವಾಗಿ 512 ಬೈ 512 ಪಿಕ್ಸೆಲ್. ಒಂದೂವರೆ ಸೆಂಟಿಮೀಟರ್ ಅಗಲ, ಅಷ್ಟೇ ಉದ್ದದ ಚೂರನ್ನು ಪಿಕ್ಸೆಲ್‌ಗೆ ಕಾಲು ಮೈಕ್ರಾನ್‌ನಂತೆ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಸ್ಕ್ಯಾನ್ ಮಾಡಿದರೆ 360 ಕೋಟಿ ಪಿಕ್ಸೆಲ್. ಎಕ್ಸ್‌ರೇಗಳೆಲ್ಲ ಕಂಪ್ಯೂಟರಿಗೆ ಹೋದ ಮೇಲೂ ಪೆಥಾಲಜಿ, ಅಂದರೆ ಇಂಥ ಚೂರು ನೋಡಿ ರೋಗ ಗುರುತಿಸುವ ವಿಭಾಗ, ಗಾಜಿನ ಸ್ಲೈಡಿನಲ್ಲೇ ಉಳಿದದ್ದಕ್ಕೆ ಇದೂ ಒಂದು ಕಾರಣ. ಗಾಜು ಬಿಟ್ಟು ಪರದೆ ನೋಡಿಯೇ ರೋಗ ನಿರ್ಣಯ ಮಾಡಬಹುದೆಂದು ಔಷಧ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಅಮೆರಿಕದ ಎಫ್‌ಡಿಎ ಮೊದಲ ಬಾರಿ ಒಪ್ಪಿದ್ದು 2017ರಲ್ಲಿ.

ಆದರೆ ಮಗಳು ಕೇಳಿದ್ದು ಬಣ್ಣವನ್ನಲ್ಲ. ಯಾರದ್ದು ಅಂತ.

ನನಗೆ ಒಂದೇ ಒಂದು ಬಾಯಿ ಗೊತ್ತುಂಟು. ದೊಡ್ಡಪ್ಪನದ್ದು. ಬೆಳಿಗ್ಗೆ ಎದ್ದು ತೋಟಕ್ಕೆ ಇಳಿಯುವ ಮೊದಲು ಒಂದು ಎಲೆಯಡಿಕೆ, ಮಧ್ಯಾಹ್ನ ಗಂಜಿ ಉಂಡು ಇನ್ನೊಂದು, ಜಗಲಿಯಲ್ಲಿ ಯಾರಾದರೂ ಬಂದರೆ ಮತ್ತೊಂದು. ಕೊನೆಕೊನೆಗೆ ಮಿಡಿ ಉಪ್ಪಿನಕಾಯಿ ಉರಿಯುತ್ತದೆ ಅಂತ ಬಿಟ್ಟರು. ಅನ್ನದ ತುತ್ತು ಚಿಕ್ಕದಾಗುತ್ತ ಬಂತು. ಅವರ ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ ಎಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಹಲ್ಲುನೋವಿಗೆ ಹೋದಾಗ ದಂತವೈದ್ಯರು ಹೇಳಿದರು. ಅಡಿಕೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ ವರದಿ 2004ರಲ್ಲೇ ಪ್ರಕಟವಾಗಿತ್ತು. ನಮ್ಮ ಊರಲ್ಲಿ ಆ ಮಾತು ಆಡುವವರು ಯಾರು? ಸುರತ್ಕಲ್‌ನಲ್ಲಿ ನಾನು ಇಂಜಿನಿಯರಿಂಗ್ ಓದಿದ್ದು ಅದೇ ತೋಟದ ಅಡಿಕೆಯ ದುಡ್ಡಿನಲ್ಲಿ.

ಮಂಗಳೂರಿನಲ್ಲಿ ಬಯಾಪ್ಸಿ ಆಯಿತು. ಬೆಂಗಳೂರಿನಲ್ಲಿ ಇನ್ನೊಮ್ಮೆ ತೋರಿಸಿ ಎಂದರು. ಎರಡು ಗಾಜಿನ ಸ್ಲೈಡ್ ಕೊಟ್ಟರು, ಒಂದೊಂದೂ ಮೂರು ಇಂಚು ಉದ್ದ, ಒಂದು ಇಂಚು ಅಗಲ. ಅಣ್ಣ ಅವನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಎರಡು ರಟ್ಟಿನ ನಡುವೆ ಇಟ್ಟು, ರಬ್ಬರ್ ಬ್ಯಾಂಡ್ ಹಾಕಿದ. ಜುಲೈ ತಿಂಗಳ ರಾತ್ರಿ ಬಸ್ಸು, ಶಿರಾಡಿಯ ಹೊಂಡಗಳು. ಬೆಂಗಳೂರಿನಲ್ಲಿ ಬಿಚ್ಚಿದಾಗ ಒಂದು ಸ್ಲೈಡ್ ಎರಡು ತುಂಡಾಗಿತ್ತು. ಉಳಿದದ್ದರಲ್ಲಿ ಬೇಕಾದ ಭಾಗ ಇರಲಿಲ್ಲ.

ಬಯಾಪ್ಸಿಯ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಇದ್ದರೆ ಅದರಿಂದ ಮತ್ತೊಂದು ಪದರ ಕೊಯ್ಯಬಹುದು. ಮಂಗಳೂರಿನ ಲ್ಯಾಬಿನಲ್ಲಿ ಬ್ಲಾಕ್ ಇತ್ತು, ಆದರೆ ಎಲ್ಲಿ? ಮಳೆಗಾಲದ ಥಂಡಿಗೆ ಲೇಬಲಿನ ಶಾಯಿ ಹರಡಿತ್ತು. ರಿಜಿಸ್ಟರಿನಲ್ಲಿ ಒಂದು ನಂಬರ್, ಡಬ್ಬಿಯ ಮೇಲೆ ಇನ್ನೊಂದು. ಹುಡುಕಲು ಹನ್ನೊಂದು ದಿನ ಹಿಡಿಯಿತು. ಹುಡುಕಿಕೊಟ್ಟದ್ದು ಆ ಲ್ಯಾಬಿನ ಟೆಕ್ನಿಷಿಯನ್ ಅಕ್ಕ, ತನ್ನ ಪಾಳಿ ಮುಗಿದ ಮೇಲೆ ಕೂತು. ಅವರು ಕೊಯ್ಯುವುದನ್ನು ಬಾಗಿಲ ಹತ್ತಿರ ನಿಂತು ನೋಡಿದೆ: ಮೈಕ್ರೋಟೋಮ್ ಎನ್ನುವ ಕೊಯ್ಯುವ ಯಂತ್ರದ ಅಲಗಿನಿಂದ ನಾಲ್ಕು ಮೈಕ್ರಾನ್ ದಪ್ಪದ ಮೇಣದ ಪಟ್ಟಿ ಇಳಿಯಿತು, ಅದನ್ನು ಕುಂಚದ ತುದಿಯಿಂದ ಎತ್ತಿ ಬೆಚ್ಚನೆಯ ನೀರಿನ ಮೇಲೆ ಬಿಟ್ಟರು, ಸುಕ್ಕು ಬಿಡಿಸಿಕೊಂಡು ತೇಲಿತು, ಗಾಜನ್ನು ಅಡಿಯಿಂದ ತಂದು ಎತ್ತಿಕೊಂಡರು. ಆ ಕೈಯಂಥ ಕೈ ನಾನು ಇಲ್ಲಿಯೂ ಹೆಚ್ಚು ನೋಡಿಲ್ಲ.

ಆ ಹನ್ನೊಂದು ದಿನದಿಂದ ಕಾಯಿಲೆಯಲ್ಲಿ ಏನೂ ಹೆಚ್ಚುಕಡಿಮೆ ಆಗಲಿಲ್ಲ ಎಂದು ಡಾಕ್ಟರು ಹೇಳಿದರು. ಇರಬಹುದು. ಆದರೆ ಆ ಹನ್ನೊಂದು ದಿನವೂ ದೊಡ್ಡಪ್ಪ ಜಗಲಿಯಲ್ಲಿ ಕೂತು ಫೋನ್ ನೋಡುತ್ತಿದ್ದರು. ಎರಡು ವರ್ಷದ ನಂತರ ಹೋದರು.

ಈಗ ನಾನು ಕೆಲಸ ಮಾಡುವ ಕಡೆ ಚೂರು ಬಂದು ಸೇರುವ ಗಳಿಗೆಯಿಂದ ಬಾಟಲಿ, ಬ್ಲಾಕ್, ಸ್ಲೈಡ್ ಎಲ್ಲಕ್ಕೂ ಬಾರ್‌ಕೋಡ್. ಯಾವುದು ಯಾರದ್ದು, ಈಗ ಯಾವ ಕಪಾಟಿನಲ್ಲಿ ಎಂದು ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ. ಪೆಥಾಲಜಿ ಇನ್‌ಫರ್ಮ್ಯಾಟಿಕ್ಸ್ ಅಂದರೆ ಮೊದಲು ಇದೇ; ಕ್ಯಾನ್ಸರ್ ಗುರುತಿಸುವ ಕಂಪ್ಯೂಟರ್ ಆಮೇಲಿನದ್ದು. ಊರಿಗೆ ಬಂದಾಗಲೆಲ್ಲ ಎಐ ತರುವ ಮಾತು ಕೇಳುತ್ತೇನೆ. ದಿನಕ್ಕೆ ರಾಶಿ ಸ್ಲೈಡ್ ನೋಡಿ ಕಣ್ಣು ಪಳಗಿದ ಪೆಥಾಲಜಿ ವೈದ್ಯರು ನಮ್ಮಲ್ಲೂ ಇದ್ದಾರೆ. ಬ್ಲಾಕುಗಳಿಗೆ ಒಂದು ಒಣ ಕೋಣೆ, ಅಳಿಸದ ಲೇಬಲ್, ಸ್ಲೈಡ್ ಒಯ್ಯಲು ಒಂದು ಗಟ್ಟಿ ಡಬ್ಬಿ, ಇಷ್ಟನ್ನು ಕೇಳುವವರೇ ಕಡಿಮೆ. ಇದು ನನಗೆ ನೋವಿನ ವಿಷಯ.

ಮಂಡನೆಯ ದಿನ ಪಿಪಿಟಿಯ ಮೊದಲ ಪುಟ ಬದಲಿಸಿದೆ. ಲೆಕ್ಕಾಚಾರಕ್ಕೆ ಹೋಗುವ ಮೊದಲು ರಬ್ಬರ್ ಬ್ಯಾಂಡಿನ ಕಥೆ ಹೇಳಿದೆ, ಒಂದೂವರೆ ನಿಮಿಷ. ಪ್ರಶ್ನೆಯ ಹೊತ್ತಿನಲ್ಲಿ ಎದ್ದ ಮೊದಲ ವ್ಯಕ್ತಿ ಕೇಳಿದ್ದು ಬಣ್ಣದ ಬಗ್ಗೆ ಅಲ್ಲ, ಆ ಬ್ಲಾಕ್ ಈಗ ಎಲ್ಲುಂಟು ಎಂದು. ಹೇಳಲು ಆಗಲಿಲ್ಲ.

ಆ ರಾತ್ರಿ ಅಣ್ಣನಿಗೆ ಫೋನ್ ಮಾಡಿದೆ. "ಎಂತ ಮಾರಾಯ್ತಿ, ಈಗ ನೆನಪಾದದ್ದಾ?" ಅಂದ. ಬ್ಲಾಕ್ ಗೊತ್ತಿಲ್ಲ, ಸ್ಲೈಡ್ ಅಪ್ಪನ ಕನ್ನಡಕದ ಡಬ್ಬಿಯಲ್ಲಿ ಉಂಟು ಎಂದು ಹೇಳಿ, ಕಿಟಕಿಯ ಬೆಳಕಿಗೆ ಹಿಡಿದು ಫೋಟೋ ಕಳಿಸಿದ. ಗುಲಾಬಿ ಮಾಸಿತ್ತು, ನೇರಳೆ ಇನ್ನೂ ಇತ್ತು. ಗಾಜಿನ ತುದಿಯಲ್ಲಿ ಗೀಚಿದ ನಂಬರ್, ಹೆಸರಿಲ್ಲ.

ಮಗಳು ಫೋನ್ ಕಸಿದುಕೊಂಡು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದಳು. ಇದು ಯಾರದ್ದೆಂದು ನಂಗೆ ಗೊತ್ತುಂಟು, ನಿನ್ನ ದೊಡ್ಡಜ್ಜನದ್ದು ಅಂದೆ. ಅವಳು ಕನ್ನಡ ಕಲಿಯುವ ಪುಸ್ತಕ ತಂದು ಆ ನಂಬರನ್ನು ಬರೆದುಕೊಂಡಳು, ಪಕ್ಕದಲ್ಲಿ "ದೊಡಜ" ಎಂದು. ಒತ್ತಕ್ಷರ ಇನ್ನೂ ಕಲಿತಿಲ್ಲ.