ನಾಲ್ಕು ಚಮಚ, ಒಂದು ಕಟ್ಟು ಇಸ್ಪೀಟು

ಬೆಂಗಳೂರಿನ ಮಳೆ ಸಂಜೆಗೆ ಹೊಸ ಆಟದ ಪೆಟ್ಟಿಗೆ ಕೊಳ್ಳಲೇಬೇಕೆಂದಿಲ್ಲ. ಒಂದು ಕಟ್ಟು ಇಸ್ಪೀಟು, ಅಡುಗೆಮನೆಯ ಚಮಚ ಸಾಕು.

ಚಮಚಗಳನ್ನು ನಡುವೆ ಇಟ್ಟು ಸುತ್ತ ಕೂರಿ. ಐದು ಜನರಿದ್ದರೆ ಚಮಚ ನಾಲ್ಕೇ. ಯಾವಾಗಲೂ ಒಂದು ಕಡಿಮೆ. ಜೋಕರ್ ತೆಗೆದು 52 ಎಲೆ ಕಲಸಿ, ತಲಾ ನಾಲ್ಕು ಹಂಚಿ. ಹಂಚಿದವರು ಕಟ್ಟಿನಿಂದ ಒಂದೊಂದೇ ಎಲೆ ಎತ್ತಿ, ಬೇಡದ್ದನ್ನು ಎಡಗಡೆಯವರಿಗೆ ದಾಟಿಸಬೇಕು, ಅವರೂ ಹಾಗೇ. ಕೊನೆಯವರು ಬೇಡದ್ದನ್ನು ಪಕ್ಕಕ್ಕಿಡುತ್ತಾರೆ. ಸರದಿ ಅಂತ ಕಾಯುವಂತಿಲ್ಲ, ಎಲೆ ಹರಿಯುತ್ತಲೇ ಇರಬೇಕು. ನಾಲ್ಕು ರಾಣಿಯೋ ನಾಲ್ಕು ಎಂಟೋ ಕೂಡಿದವರು ಚಮಚ ಎತ್ತಿದ ಕೂಡಲೇ ಉಳಿದವರೆಲ್ಲ ಕೈ ಹಾಕಬಹುದು. ಸಿಗದವರಿಗೆ ಒಂದು ಅಕ್ಷರ. ಚ-ಮ-ಚ ಪೂರ್ತಿಯಾದರೆ ಔಟ್, ಒಂದು ಚಮಚವನ್ನೂ ತೆಗೆದಿಡಿ.

ಆಟ ಕೆಡುವುದು ಯಾರಾದರೂ ಎಲೆ ಕೂಡಿಹಾಕಿಕೊಂಡು ಯೋಚಿಸುತ್ತ ಕೂತಾಗ. ಅವರ ಬಲಕ್ಕೆ ರಾಶಿ, ಎಡಕ್ಕೆ ಖಾಲಿ. ಕೈಯಲ್ಲಿ ಐದಾದರೆ ಒಂದನ್ನು ಬಿಟ್ಟೇ ಮುಂದಿನದನ್ನು ಮುಟ್ಟಬೇಕು, ಇದರಲ್ಲಿ ರಿಯಾಯಿತಿ ಬೇಡ. ಮೂರೇ ಜನರಿದ್ದರೆ 2ರಿಂದ 6ರವರೆಗಿನ ಎಲೆಗಳನ್ನೆಲ್ಲ ತೆಗೆದು 32ರಲ್ಲಿ ಆಡಿ. ಇಲ್ಲದಿದ್ದರೆ ನಾಲ್ಕು ಕೂಡುವಷ್ಟರಲ್ಲಿ ಮಕ್ಕಳಿಗೆ ಬೇಜಾರು.

ಎಲೆ ಕೂಡದಿದ್ದರೂ ಚಮಚದ ಮೇಲೆ ಕಣ್ಣಿಟ್ಟವರು ಉಳಿಯುತ್ತಾರೆ. ಮೊಮ್ಮಗನ ಕೈ ಎಷ್ಟೇ ಚುರುಕಾಗಿರಲಿ, ತಲೆ ಎತ್ತಿ ಕೂತ ಅಜ್ಜಿಗೂ ಅಷ್ಟೇ ಅವಕಾಶ. ಮನೆಮಂದಿಯೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತ ಕೂರುವ ಹೊತ್ತು ಈ ಊರಲ್ಲಿ ಎಷ್ಟು ಸಿಗುತ್ತದೆ?

ಫ್ಲ್ಯಾಟ್ ಆದರೆ ಕೆಳಗೆ ದಪ್ಪ ಜಮಖಾನ ಹಾಸಿ. ಫೋರ್ಕ್ ಮಾತ್ರ ಬೇಡ.