ಹತ್ತೇ ಸೆಕೆಂಡ್ ಟಿವಿ ಕ್ಲಿಪ್ ಹಾಕಿದ್ರ ಏನಾಗ್ತದ್ರಿ?

ಕಲಬುರಗಿ, ಬೀದರ್ ಕಡೆ ಯೂಟ್ಯೂಬ್ ಚಾನೆಲ್ ನಡೆಸುವವರು ಮೊದಲು ಕೇಳುವುದೇ ಇದನ್ನು. ಹತ್ತು ಸೆಕೆಂಡಿನೊಳಗಿದ್ದರೆ ನಡೀತದೆ ಎನ್ನುವುದು ಬರೀ ಬಾಯಿಮಾತು. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯಲ್ಲಿ ಸೆಕೆಂಡಿನ ಲೆಕ್ಕವೇ ಇಲ್ಲ. ಕಲಂ 52 ಕೇಳುವುದು, ಯಾಕೆ ಹಾಕಿದಿರಿ ಅಂತ: ವಿಮರ್ಶೆಗೋ, ಪ್ರಚಲಿತ ವಿದ್ಯಮಾನದ ವರದಿಗೋ, ಸ್ವಂತ ಅಧ್ಯಯನಕ್ಕೋ?

ತೊಗರಿ ದರದ ಸುದ್ದಿಯನ್ನೇ ತಗೊಳ್ಳಿ. ನಿರೂಪಕರು ಕ್ವಿಂಟಲ್ ದರ ಹೇಳುವ ಆರು ಸೆಕೆಂಡ್ ತೋರಿಸಿ, ಅಲ್ಲೇ ನಿಲ್ಲಿಸಿ, ಅವತ್ತಿನ ಎಪಿಎಂಸಿ ದರಪಟ್ಟಿ ಪಕ್ಕಕ್ಕಿಟ್ಟು ಎಲ್ಲಿ ತಪ್ಪಿದೆ ಎಂದು ಹೇಳಿದರೆ ಅದು ವಿಮರ್ಶೆ. ವಾದಕ್ಕೆ ನೆಲೆ ಇದೆ. ಅದೇ ಆರು ಸೆಕೆಂಡನ್ನು ನಿಮ್ಮ ಇಂಟ್ರೊ ಮ್ಯೂಸಿಕ್ ಹಿಂದೆ ಓಡಿಸಿದರೆ ಬರೀ ಅಲಂಕಾರ. ಎರಡೇ ಸೆಕೆಂಡಾದರೂ ಆ ವಾದ ನಿಲ್ಲುವುದಿಲ್ಲ. ‘ಕೃಪೆ: ಮೂಲ ವಾಹಿನಿ’ ಎಂದು ಬರೆದರೆ ಅದು ಅನುಮತಿಯಾಗದು. ಲೋಗೊ ಬ್ಲರ್ ಮಾಡುವುದಂತೂ ಇನ್ನೂ ಕೆಟ್ಟದ್ದು, ಗೊತ್ತಿದ್ದೇ ಎತ್ತಿಕೊಂಡಿರಿ ಎಂಬುದಕ್ಕೆ ನೀವೇ ಕೊಟ್ಟ ಸಾಕ್ಷಿ.

ಯೂಟ್ಯೂಬಿನಿಂದ ಮೇಲ್ ಬಂದ ಕೂಡಲೇ ಗಾಬರಿಯಾಗಿ ವಿಡಿಯೊ ಅಳಿಸಬೇಡಿ, ಪೂರ್ತಿ ಓದಿ. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕಂಟೆಂಟ್ ಐಡಿ ಎಂದರೆ ಬೇರೆಯವರ ದೃಶ್ಯ, ಧ್ವನಿಯನ್ನು ಪತ್ತೆ ಹಚ್ಚುವ ಯೂಟ್ಯೂಬಿನ ವ್ಯವಸ್ಥೆ; ಅದರ ಕ್ಲೇಮ್ ಬಹುತೇಕ ಯಂತ್ರದ ಕೆಲಸ: ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗಬಹುದು, ವಿಡಿಯೊ ಬ್ಲಾಕ್ ಕೂಡ ಆಗಬಹುದು, ಆದರೆ ಸ್ಟ್ರೈಕ್ ಬೀಳುವುದಿಲ್ಲ. ಸ್ಟ್ರೈಕ್ ಎಂದರೆ ಹಕ್ಕುದಾರರೇ ದೂರು ಕೊಟ್ಟು ತೆಗೆಸಿದ್ದು. 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ವಿಡಿಯೊ ತೆಗೆಸಿದ್ದು ತಪ್ಪು ಎಂದು ಯೂಟ್ಯೂಬಿಗೆ ಕೌಂಟರ್ ನೋಟಿಫಿಕೇಶನ್ (ಪ್ರತಿ ನೋಟಿಸ್) ಕೊಟ್ಟರೆ ನಿಮ್ಮ ಹೆಸರು, ವಿಳಾಸ ಎದುರಿನವರ ಕೈಗೆ ಹೋಗುತ್ತದೆ. ಅವರು 10 ಕೆಲಸದ ದಿನದೊಳಗೆ ಕೋರ್ಟಿಗೆ ಹೋದದ್ದನ್ನು ತೋರಿಸದಿದ್ದರೆ ಸಾಮಾನ್ಯವಾಗಿ ವಿಡಿಯೊ ವಾಪಸ್ ಬರುತ್ತದೆ. ವಾದ ಗಟ್ಟಿ ಇದ್ದರಷ್ಟೇ ಆ ದಾರಿ.

ಫೋಟೊದಲ್ಲಿ ಎಡವುವುದು ಬೇರೆ ಕಡೆ. ಬೀದರಿನ ಗವಾನ್ ಮದರಸಾ 15ನೇ ಶತಮಾನದ್ದು, ಕಟ್ಟಡಕ್ಕೆ ಯಾರ ಕೃತಿಸ್ವಾಮ್ಯವೂ ಉಳಿದಿಲ್ಲ. ಅದರ ಫೋಟೊಕ್ಕೆ ಇದೆ, ತೆಗೆದವರು ಬದುಕಿರುವವರೆಗೆ, ತೀರಿಕೊಂಡ ಮೇಲೂ 60 ವರ್ಷ. ಗೂಗಲ್ ಬರೀ ಹುಡುಕಿ ಕೊಡುತ್ತದೆ, ಫೋಟೊ ಅದರದ್ದಲ್ಲ. ಮುಕ್ತ ಲೈಸೆನ್ಸಿನ ಫೋಟೊಗಳ ತಾಣವಾದ ವಿಕಿಮೀಡಿಯ ಕಾಮನ್ಸ್‌ನಿಂದ ತಗೊಂಡರೆ ಫೋಟೊ ತೆಗೆದವರ ಹೆಸರು, ಲೈಸೆನ್ಸ್ ಹೆಸರು, ಲಿಂಕ್ ಮೂರೂ ಹಾಕಿ. ಕ್ರಾಪ್ ಮಾಡಿದ್ದರೆ ಅದನ್ನೂ ಬರೆಯಿರಿ.

ಹಳೇದಾದರೆ ನಡೀತದಾ? 1975–76ರಲ್ಲಿ ಉಪಗ್ರಹದ ಮೂಲಕ ಗುಲ್ಬರ್ಗ ಜಿಲ್ಲೆಯ ಹಳ್ಳಿಗಳಿಗೂ ಟಿವಿ ತಲುಪಿಸಿದ ‘ಸೈಟ್’ (SITE) ಎಂಬ ಪ್ರಯೋಗದ ಒಂದು ಕ್ಲಿಪ್ ಸಿಕ್ಕಿತು ಎನ್ನಿ. 1975ರಲ್ಲಿ ಪ್ರಸಾರವಾದದ್ದಾದರೆ ಪ್ರಸಾರದ ಹಕ್ಕು 25 ವರ್ಷ, 2000ಕ್ಕೇ ಮುಗಿದಿದೆ. ಆದರೆ ಚಿತ್ರೀಕರಣದ ಹಕ್ಕು 60 ವರ್ಷ; ಆ ವರ್ಷವೇ ಪ್ರಕಟವಾದದ್ದಾದರೆ 2035ರ ಕೊನೆವರೆಗೆ. ಹಿನ್ನೆಲೆ ಸಂಗೀತದ ಲೆಕ್ಕ ಮತ್ತೆ ಬೇರೆ.

ಅನುಮತಿ ಕೇಳುವುದಾದರೆ ‘ನಿಮ್ಮ ವಿಡಿಯೊ ಬಳಸಲೇ’ ಎಂದಷ್ಟೇ ಬರೆದರೆ ಉತ್ತರ ಬರುವುದು ಕಷ್ಟ. ಕಾರ್ಯಕ್ರಮದ ಹೆಸರು, ಪ್ರಸಾರದ ದಿನ, ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷದವರೆಗೆ, ಎಲ್ಲಿ ಹಾಕುತ್ತೀರಿ, ಜಾಹೀರಾತು ಇರುತ್ತದೋ ಇಲ್ಲವೋ, ಎಲ್ಲ ಬರೆಯಿರಿ. ಫೋನಿನಲ್ಲಿ ‘ಆಯ್ತು, ಹಾಕೋರಿ’ ಅಂದದ್ದನ್ನು ನಂಬಬೇಡಿ, ಮೇಲ್‌ನಲ್ಲಿ ತರಿಸಿಕೊಳ್ಳಿ.